ಅಕ್ಕನ ಅಂಗೈ

ನಮ್ಮಕ್ಕ ಜಗದಾಂಬಾಳಿಗೆ ಹತ್ತೊಂಬತ್ತು ತುಂಬಿದ ವರ್ಷ ಕಾಲು ಜೋಮು ಹಿಡಿಯತೊಡಗಿತು. ಆಮೇಲೆ ಎಡಗೈ. ಒಮ್ಮೆ ಬಲಗಣ್ಣು ತಿಂಗಳ ಕಾಲ ಮಂಜಾಗಿ, ತಾನಾಗಿಯೇ ತಿಳಿಯಾಯಿತು. ಅಪ್ಪ ಏಕಾಂತಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು. ಅವಳನ್ನು ರೈಲಿನಲ್ಲಿ ಶಿವಮೊಗ್ಗದ ಡಾಕ್ಟರ ಬಳಿ ಕರೆದೊಯ್ದರು. ಇದು ನರದ ಕಾಯಿಲೆ, ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ, ಔಷಧಿ ಇಲ್ಲ ಎಂದು ಡಾಕ್ಟರು ನಿಜವನ್ನೇ ಹೇಳಿದರು. ಈಗಿನವರು ಅದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನುತ್ತಾರೆ. ನಮ್ಮ ಬೀದಿಯವರು ದೃಷ್ಟಿ ತಾಗಿದೆ ಎಂದರು. ಬೀದಿಯವರಿಗೆ ಬೇರೆ ಕೆಲಸವಿರಲಿಲ್ಲ.

ಕಾಲು ಎಳೆಯುವುದಕ್ಕೆ ಅಕ್ಕ ಅಷ್ಟಾಗಿ ಅಳಲಿಲ್ಲ. ಅವಳ ದಿಗಿಲೆಲ್ಲ ಎಡಗೈಯದು. ನಮ್ಮಲ್ಲಿ ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ದಿನವೂ ಎಡ ಅಂಗೈ ಮೇಲಿಟ್ಟು, ಅದರಲ್ಲೇ ಕಣ್ಣಿಟ್ಟು ಪೂಜಿಸಬೇಕು. ಲಿಂಗ ಜಾರಿ ನೆಲಕ್ಕೆ ಬಿದ್ದರೆ ಪ್ರಾಣವೇ ಹೋದಂತೆ ಎಂದು ನಂಬಿ ಬೆಳೆದವರು ನಾವು. ಅಕ್ಕನ ಕೈ ನಡುಗುವುದನ್ನು ಕಂಡ ಅಮ್ಮ ಕಾಶಮ್ಮ ಒಂದು ದಿನ ಹೇಳಿಯೇಬಿಟ್ಟಳು.

“ಇನ್ನು ಕೊರಳಲ್ಲಿ ಇರ್ಲಿ, ಸಾಕು. ಕೈಗೆ ತಗೋಬೇಡ. ನಿನ್ನ ಪೂಜೇನೂ ನಾನೇ ಮಾಡ್ತೀನಿ.”

“ನನ್ನ ಊಟಾನೂ ನೀನೇ ಉಣ್ತೀಯಾ?” ಎಂದಳು ಅಕ್ಕ.

ಅಮ್ಮ ಆ ಮಾತು ಬಿಟ್ಟಳು, ಹಟ ಬಿಡಲಿಲ್ಲ. ಥಂಡಿಗೆ ನರ ಸೆಟೆದಿದೆ ಎಂದು ತೀರ್ಮಾನಿಸಿ, ಪೂಜೆಗೆ ಮುಂಚೆ ದಿನಾ ಎಣ್ಣೆ ತಿಕ್ಕಿ, ಹಂಡೆಯ ಸುಡುನೀರು ಹೊಯ್ಯತೊಡಗಿದಳು. ಕೈ ಇನ್ನಷ್ಟು ನಡುಗಿತು. ಅಮ್ಮ ಇನ್ನಷ್ಟು ಸೌದೆ ತುರುಕಿದಳು. ದೀಪಾವಳಿಯ ಎಣ್ಣೆಸ್ನಾನದ ದಿನವಂತೂ ನಾನೂ ಅಮ್ಮನೂ ಅಕ್ಕನನ್ನು ಬಚ್ಚಲಿನಿಂದ ಎತ್ತಿಕೊಂಡೇ ಬಂದೆವು. ಅವಳಿಗೆ ಕಣ್ಣು ಮಬ್ಬಾಗಿತ್ತು, ಕೈಕಾಲಿನಲ್ಲಿ ಬಲವೇ ಇರಲಿಲ್ಲ.

ಅದೇ ವಾರ ಹಂಡೆ ತೂತಾಗಿ ರಿಪೇರಿಗೆ ಹೋಯಿತು. ಅಕ್ಕ ತಣ್ಣೀರು ಮಿಂದು ಪೂಜೆಗೆ ಕೂತಳು. ಲಿಂಗ ಅವಳ ಅಂಗೈಯಲ್ಲಿ ಅಲ್ಲಾಡದೆ ನಿಂತಿತು. ಶಿವನ ಕೃಪೆ ಎಂದು ಅಮ್ಮ ಕೈಮುಗಿದಳು.

“ಕೃಪೆ ಹೌದು. ಆದ್ರೆ ಇವತ್ತೇ ಯಾಕೆ ಬಂತು? ಬಿಸಿನೀರೇ ನನ್ನ ಕೈ ತಿಂತಿರೋದು ಕಣಮ್ಮ.”

“ತಣ್ಣೀರಲ್ಲಿ ಯಾರಿಗೆ ವಾಸಿ ಆಗಿದೆ ಮಾರಾಯ್ತಿ?”

“ವಾಸಿ ಆಗುತ್ತೆ ಅನ್ಲಿಲ್ಲ. ಹಂಡೆ ಬರ್ಲಿ. ಒಂದು ದಿನ ಬಿಸಿ ಹೊಯ್ದು ನೋಡು, ಮಾರನೆ ದಿನ ತಣ್ಣೀರು.”

ಹಂಡೆ ಬಂತು. ಬಿಸಿನೀರಿನ ದಿನ ಅಕ್ಕ ಲಿಂಗದ ಬದಲು ಒಂದು ನೆಲ್ಲಿಕಾಯಿಯನ್ನು ಅಂಗೈ ಮೇಲಿಟ್ಟುಕೊಂಡಳು. ಅದು ಉರುಳಿ ಹೊಸಿಲವರೆಗೂ ಹೋಯಿತು. ಮರುದಿನ ತಣ್ಣೀರು ಮಿಂದ ಮೇಲೆ ಅದೇ ಕಾಯಿ ಕದಲಲಿಲ್ಲ. ಅಮ್ಮ ಬಹಳ ಹೊತ್ತು ಅದನ್ನೇ ನೋಡಿದಳು. ದೇವರನ್ನು ಪಣಕ್ಕಿಡದೆ ತನ್ನ ಕಾಯಿಲೆಯನ್ನು ಪರೀಕ್ಷೆಗೆ ಕೂರಿಸಿದ್ದಳಲ್ಲ ಇವಳು, ಎಲ್ಲಿಂದ ಬಂತು ಈ ಬುದ್ಧಿ ಎಂದು ಇವತ್ತಿಗೂ ಬೆರಗಾಗುತ್ತೇನೆ.

ಅಂದಿನಿಂದ ಮಾಗಿಯ ಚಳಿಯಲ್ಲೂ ಅಮ್ಮನೇ ಬಾವಿಯಿಂದ ನೀರು ಸೇದಿ ಅಕ್ಕನಿಗೆ ಹೊಯ್ಯುತ್ತಿದ್ದಳು. ಹೊಯ್ಯುವಾಗ ನಡುಗುತ್ತಿದ್ದವಳೂ ಅಮ್ಮನೇ. ಹೀಗೆ ಕೆಲವು ವರ್ಷ ಕೈ ನಡೆಯಿತು.

ಆಮೇಲೆ ತಣ್ಣೀರೂ ಸೋತಿತು. ಎರಡನೇ ಮಹಾಯುದ್ಧ ಮುಗಿದ ವರ್ಷ ಅಕ್ಕನ ಎರಡೂ ಕಣ್ಣು ಮಬ್ಬಾದವು, ಎಡ ಅಂಗೈ ಮರಗಟ್ಟಿತು. ಪೂಜೆ ಇನ್ನು ನಿಂತಿತು ಎಂದೇ ನಾನು ಅಂದುಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಅಕ್ಕನನ್ನು ಗೋಡೆಗೆ ಒರಗಿಸಿ, ತನ್ನ ಎರಡೂ ಕೈಗಳನ್ನು ಅವಳ ಎಡಗೈ ಕೆಳಗೆ ಕೊಟ್ಟು ಕೂತಿದ್ದಳು. ಅಕ್ಕ ಬಲಗೈಯಿಂದ ತಡವುತ್ತಾ ಲಿಂಗವನ್ನು ತೆಗೆದು ಅಂಗೈ ಮೇಲಿಟ್ಟಳು.

“ಇದೆಯೇನಮ್ಮ?”

“ಇದೆ.”

ಅಕ್ಕ ಅತ್ತ ಕಣ್ಣಿಟ್ಟಳು. ಕಣ್ಣಿಗೆ ಕಾಣದು, ಕೈಗೆ ತಾಕಿದ್ದು ತಿಳಿಯದು. ಆದರೂ ಮುಖದಲ್ಲಿ ಎಂದಿನ ಪೂಜೆಯ ಕಳೆಯೇ ಇತ್ತು. ನಾನು ಬಾಗಿಲಲ್ಲೇ ನಿಂತೆ.

ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಕೇಳಿದಳು, “ಇದೆಯೇನಮ್ಮ?”

“ಇದೆ ಮಗಳೇ, ನೋಡು,” ಎಂದಳು ಅಮ್ಮ.