ಕಡಲು ದಾಟದ ಕಂಪನಿ

ಮದರಾಸಿನ ಪೆರಂಬೂರಿನ ಕಿಟ್ಟುವಿಗೆ ಪರದೇಶದ ಮೇಲೆ ಎಂದೂ ಆಸೆ ಇರಲಿಲ್ಲ. ಆಸೆ ಇದ್ದದ್ದು ಪರದೇಶದ ಕಾರ್ಡಿನ ಮೇಲೆ. ಅದೂ ಷಡ್ಡಕ ತಿರುಮಲೇಶನ ಹತ್ತಿರ ಅಂಥದ್ದೊಂದು ಇದ್ದದ್ದರಿಂದ ಹುಟ್ಟಿದ ಆಸೆ. ತಿರುಮಲೇಶ ಕೆನಡಾದಲ್ಲಿ ಕಾಯಂ ವಾಸಕ್ಕೆ ಅನುಮತಿ ಪಡೆದವನು. ವರ್ಷದಲ್ಲಿ ಅರ್ಧ ಅಲ್ಲಿರುತ್ತಿದ್ದ. ಉಳಿದ ಅರ್ಧವನ್ನು ಪೋರೂರಿನ ಫ್ಲ್ಯಾಟಿನಲ್ಲಿ ಕುಳಿತು ಅಲ್ಲಿಯದನ್ನು ವರ್ಣಿಸುವುದರಲ್ಲಿ ಕಳೆಯುತ್ತಿದ್ದ. ಮುಂಜಿಯಿರಲಿ, ಮದುವೆಯಿರಲಿ, ಯಾರದೋ ವೈಕುಂಠ ಸಮಾರಾಧನೆಯೇ ಇರಲಿ, ಊಟ ಮುಗಿದು ವೀಳ್ಯದೆಲೆಗೆ ಸುಣ್ಣ ಹಚ್ಚುವ ಹೊತ್ತಿಗೆ ಅವನ ಪರ್ಸು ಹೊರಗೆ ಬರುತ್ತಿತ್ತು, ಪರ್ಸಿನಿಂದ ಕಾರ್ಡು ಹೊರಗೆ ಬರುತ್ತಿತ್ತು. ಕಿಟ್ಟು ಅದನ್ನು ಎಷ್ಟೋ ಸಲ ನೋಡಿದ್ದ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು, ಅದನ್ನು ಅವನು ಅಡುಗೆಯವರ ಎಣ್ಣೆಯ ಮೇಲೆ ಹಾಕುತ್ತಿದ್ದ.

ಕಿಟ್ಟು ಎಂದರೆ ಕೃಷ್ಣಮೂರ್ತಿ. ಬ್ಯಾಂಕಿನಲ್ಲಿ ಹೆಡ್ ಕ್ಯಾಷಿಯರ್ ಆಗಿದ್ದು, ಎರಡು ಸಾವಿರದ ಒಂದರಲ್ಲಿ ಸ್ವಯಂನಿವೃತ್ತಿಯ ಅಲೆಯಲ್ಲಿ ಹೊರಗೆ ಬಂದವನು. ಗಾಜಿನ ಗೂಡಿನೊಳಗೆ ಕುಳಿತು ಜನರನ್ನು ಸಾಲಿನಲ್ಲಿ ನಿಲ್ಲಿಸಿ ರೂಢಿಯಾದ ಮನುಷ್ಯನಿಗೆ, ಈಗ ದರ್ಬಾರು ನಡೆಸಲು ಉಳಿದವಳು ಹೆಂಡತಿ ಗೋದಾಬಾಯಿ ಒಬ್ಬಳೇ. ಆಕೆ ಏನು ಕೇಳಿದರೂ ಅವನದು ಒಂದೇ ಉತ್ತರ: ನೋಡೋಣ. ಪಂಢರಪುರಕ್ಕೆ ಹೋಗಿಬರೋಣವೆ? ನೋಡೋಣ. ಹೊಸಪೇಟೆಯ ಅಣ್ಣನ ಮನೆಗೆ? ನೋಡೋಣ. ಮಗಳು ಸುಮೇಧಾ ಹುಟ್ಟುವ ಮೊದಲು ಕೇಳಿದ ಪಂಢರಪುರ, ಅವಳು ಓದು ಮುಗಿಸಿ ಪೆರುಂಗುಡಿಯ ಕಂಪ್ಯೂಟರ್ ಆಫೀಸಿಗೆ ಸೇರಿದ ಮೇಲೂ ಹಾಗೇ ಉಳಿದಿತ್ತು. ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಒಂದು ಜಗಳವಾದರೂ ಆಡಬಹುದಿತ್ತು. ನೋಡೋಣ ಅಂದವನ ಜೊತೆ ಜಗಳ ಹೇಗೆ ಆಡುವುದು? ಗೋದಾಬಾಯಿ ಅಡುಗೆಮನೆಗೆ ಹೋಗಿ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಆ ಪುಡಿಗೆ ಸುತ್ತಲಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಗಿರಾಕಿಗಳಿದ್ದರು. ಕಿಟ್ಟು ಅದನ್ನು ಅಡುಗೆಮನೆಯ ಗಲಾಟೆ ಎಂದು ಕರೆಯುತ್ತಿದ್ದ, ಸೀನುತ್ತಲೇ.

ತಿರುಮಲೇಶನಿಗೂ ಒಂದು ಕೊರತೆ ಇತ್ತು. ಅವನು ಕಡಲು ದಾಟಿದವನು. ಅವರ ಮಠದಲ್ಲಿ ಹಿರಿಯರು ಕೂರುವ ಮೊದಲ ಪಂಕ್ತಿಯಲ್ಲಿ ಸಮುದ್ರ ದಾಟಿ ಬಂದವರಿಗೆ ಎಲೆ ಹಾಕುತ್ತಿರಲಿಲ್ಲ. ಕಾರ್ಡು ಎಷ್ಟೇ ಹೊಳೆಯಲಿ, ಅವನ ಎಲೆ ಕೈತೊಳೆಯುವ ನಲ್ಲಿಯ ಹತ್ತಿರವೇ ಬೀಳುತ್ತಿತ್ತು. ಕಿಟ್ಟುವಿನ ಎಲೆ ಮೊದಲ ಪಂಕ್ತಿಯಲ್ಲಿ, ಆಚಾರ್ಯರಿಂದ ನಾಲ್ಕನೆಯದು. ಹೀಗಿರುವಾಗ ಕಾರ್ಡೂ ಬಂದು, ಎಲೆಯೂ ಉಳಿದರೆ? ಈ ವಿಚಾರ ತಲೆಗೆ ಹೊಕ್ಕ ಬೆಳಿಗ್ಗೆ ಅವನು ಸಂಧ್ಯಾವಂದನೆಯನ್ನು ಅರ್ಧಕ್ಕೇ ಮುಗಿಸಿ, ಸುಮೇಧಾಳ ಹಳೆಯ ಅಟ್ಲಾಸನ್ನು ಅಟ್ಟದಿಂದ ಇಳಿಸಿದ.

ಕಡಲೇ ಇಲ್ಲದ ದೇಶ ಬೇಕಾಗಿತ್ತು. ಅದಕ್ಕೆ ಹೋಗುವ ದಾರಿಯಲ್ಲೂ ಕಡಲು ಇರಬಾರದಾಗಿತ್ತು. ದೆಹಲಿಯ ಮೇಲೆ ಬೆರಳಿಟ್ಟು ಪಶ್ಚಿಮಕ್ಕೆ ಎಳೆದುಕೊಂಡು ಹೋದವನು ಕೊನೆಗೆ ಚೆಕ್ ಗಣರಾಜ್ಯದಲ್ಲಿ ಬೆರಳೂರಿದ. ನಡುವೆ ಕ್ಯಾಸ್ಪಿಯನ್ ಎಂಬ ನೀಲಿ ಮಚ್ಚೆಯೊಂದು ಅಡ್ಡ ಬಂತು. ಅದನ್ನು ಸಮುದ್ರವೆಂದು ಕರೆದವರು ತಿಳಿಗೇಡಿಗಳು, ಸುತ್ತ ನೆಲವಿದ್ದರೆ ಅದು ಕೆರೆಯೇ ಎಂದು ಅವನು ಮಠದಲ್ಲಿ ವಾದಿಸಿದ. ಪೋರೂರಿನ ಕೆರೆ ದಾಟಿ ಬಂದವರಿಗೆ ಯಾರಾದರೂ ಪ್ರಾಯಶ್ಚಿತ್ತ ಹೇಳುತ್ತಾರೆಯೇ ಎಂದೂ ಕೇಳಿದ. ಆಚಾರ್ಯರು ಅಟ್ಲಾಸನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿ, ಕೆರೆಯಾದರೆ ದೋಷವಿಲ್ಲ ಎಂದರು.

ಆ ದೇಶದಲ್ಲಿ ವಾಸಕ್ಕೆ ಅನುಮತಿ ಸಿಗುವ ದಾರಿ ತೋರಿಸಿದವನು ತ್ಯಾಗರಾಯನಗರದ ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂರುತ್ತಿದ್ದ ಏಜೆಂಟ್ ರಮೇಶ್. ಅಲ್ಲಿ ಒಂದು ಕಂಪನಿ ತೆರೆಯಬೇಕು. ಕಂಪನಿ ನಡೆಸಲು ಅದರ ಡೈರೆಕ್ಟರ್ ಅಲ್ಲಿರಬೇಕಾಗುತ್ತದೆ ಎಂದು ಆ ಸರಕಾರ ಅವರಿಗೆ ವಾಸದ ಅನುಮತಿ ಕೊಡುತ್ತದೆ. ಇಷ್ಟು ಸರಳ. ಬ್ಯಾಂಕಿನಿಂದ ಬಂದ ಇಡಿಗಂಟು ಇದ್ದೇ ಇತ್ತು. ಉಳಿದದ್ದು ಡೈರೆಕ್ಟರ್ ಯಾರು ಎಂಬ ಪ್ರಶ್ನೆ.

ಕಿಟ್ಟುವಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಅವನ ಜಾತಕದಲ್ಲಿ ಧನಸ್ಥಾನದಲ್ಲಿ ಕೇತು ಕುಳಿತಿದ್ದ. ಅವನ ಹೆಸರಿನಲ್ಲಿ ಏನು ತೆಗೆದರೂ ಉಳಿಯದು, ಹೆಂಡತಿಯದು ಲಕ್ಷ್ಮಿಯ ಕೈ ಎಂದು ಜೋಯಿಸರು ಮದುವೆಯಲ್ಲೇ ಹೇಳಿದ್ದರು. ಹೀಗಾಗಿ ಗ್ಯಾಸ್ ಸಂಪರ್ಕ ಗೋದಾಬಾಯಿಯ ಹೆಸರಿನಲ್ಲಿ, ಅಂಬತ್ತೂರಿನ ಸೈಟು ಗೋದಾಬಾಯಿಯ ಹೆಸರಿನಲ್ಲಿ, ಅವಳು ಒಂದು ದಿನವೂ ಓಡಿಸದ ಸ್ಕೂಟರು ಕೂಡ ಅವಳ ಹೆಸರಿನಲ್ಲೇ. ಕಿಟ್ಟು ಬೆರಳಿಟ್ಟು ತೋರಿಸಿದ ಕಡೆ ಅವಳು ಸಹಿ ಹಾಕುತ್ತಿದ್ದಳು. ಕಂಪನಿಗೂ ಹಾಗೆಯೇ ಸಹಿ ಬಿತ್ತು. ಮೇಡಂ ಅವರೇ ಡೈರೆಕ್ಟರ್, ಖಂಡಿತವೇ ಎಂದು ರಮೇಶ್ ತಮಿಳಿನಲ್ಲಿ ಎರಡು ಸಲ ಕೇಳಿದ. ಕಿಟ್ಟು ನೊಣ ಓಡಿಸುವವನಂತೆ ಕೈ ಬೀಸಿದ.

"ಹೆಸರು ಅವಳ್ದು ಕಣಯ್ಯಾ, ಕಂಪನಿ ನಂದು."

ಗೋದಾ ಟ್ರೇಡಿಂಗ್ ಹುಟ್ಟಿತು. ಕಿಟ್ಟು ತನಗಾಗಿ ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿ ಅದರಲ್ಲಿ ಚೇರ್ಮನ್ ಎಂದು ಬರೆಸಿಕೊಂಡ. ಕಂಪನಿಯಲ್ಲಿ ಅಂಥದೊಂದು ಹುದ್ದೆಯೇ ಇರಲಿಲ್ಲ. ತಿರುಮಲೇಶನ ಷಷ್ಟ್ಯಬ್ದಿಯಲ್ಲಿ, ಸರಿಯಾಗಿ ವೀಳ್ಯದೆಲೆಯ ಹೊತ್ತಿಗೆ, ಅವನು ಈ ಕಾರ್ಡನ್ನು ಊರಿಗೆಲ್ಲ ಹಂಚಿದ. ಚಾತುರ್ಮಾಸ್ಯ ಮುಗಿದೊಡನೆ ಚೆಕ್ ರಾಜಧಾನಿ ಪ್ರಾಗ್ ನಗರಕ್ಕೆ ಹೊರಡುವುದಾಗಿ ಹೇಳಿ, ಅಟ್ಲಾಸಿನ ದಾರಿಯನ್ನು ಗಾಳಿಯಲ್ಲಿ ಬಿಡಿಸಿ ತೋರಿಸಿದ. ತಿರುಮಲೇಶನ ಮುಖ ಹುಳ್ಳಗಾಯಿತು. ಆ ಮಧ್ಯಾಹ್ನ ಕಿಟ್ಟು ಬದುಕಿನಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡ.

ದೆಹಲಿಯ ದೂತಾವಾಸದಿಂದ ಸಂದರ್ಶನಕ್ಕೆ ಕರೆ ಬಂದದ್ದು ಗೋದಾಬಾಯಿಗೆ ಮಾತ್ರ. ಏನೋ ತಪ್ಪಾಗಿದೆ, ತನ್ನ ಹೆಸರು ಬಿಟ್ಟುಹೋಗಿದೆ ಎಂದು ಕಿಟ್ಟು ಮಗಳ ಎದುರು ಕೂಗಾಡಿದ. ಸುಮೇಧಾ ಕನ್ನಡದಲ್ಲಿ ಬೈಗುಳ ಕೇಳಿ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ.

"ಅಪ್ಪಾ, ಅಮ್ಮಾದಾನ್ ಡೈರೆಕ್ಟರ್. ನೀಂಗ ಡಿಪೆಂಡೆಂಟ್."

ಹೆಂಡತಿಯೇ ಡೈರೆಕ್ಟರ್, ತಾನು ಅವಳ ಆಶ್ರಿತ ಎಂಬುದನ್ನು ಕೇಳಿ ಕಿಟ್ಟು ತ್ಯಾಗರಾಯನಗರಕ್ಕೆ ಓಡಿದ. ರಮೇಶ್ ಸಾವಧಾನವಾಗಿ ವಿವರಿಸಿದ. ಅನುಮತಿ ಡೈರೆಕ್ಟರ್‌ಗೆ. ಅವರು ಅಲ್ಲಿ ಹೋಗಿ ನೆಲೆಸಿ, ಮನೆ ಮಾಡಿ, ಆಮೇಲೆ ಗಂಡನನ್ನು ಕರೆಸಿಕೊಳ್ಳಬಹುದು. ಅವರು ಕರೆದರೆ ಮಾತ್ರ. ಬೇಕಾದರೆ ಡೈರೆಕ್ಟರನ್ನು ಬದಲಾಯಿಸಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡೋಣ ಎಂದೂ ಅವನು ಹೇಳಿದ. ಆದರೆ ಮೊದಲಿನಿಂದ ಶುರು ಮಾಡಿದರೆ ಚಾತುರ್ಮಾಸ್ಯ ಮುಗಿದ ಮೇಲೂ ಕಿಟ್ಟು ಪೆರಂಬೂರಿನಲ್ಲೇ ಉಳಿಯುತ್ತಿದ್ದ, ಷಷ್ಟ್ಯಬ್ದಿಯಲ್ಲಿ ಕಾರ್ಡು ತೆಗೆದುಕೊಂಡವರೆಲ್ಲ ಕಾರಣ ಕೇಳುತ್ತಿದ್ದರು. ಹೆಂಡತಿ ಮುಂದೆ ಹೋಗಿ ಮನೆ ಸಜ್ಜು ಮಾಡುತ್ತಾಳೆ, ಚೇರ್ಮನ್ ಹಿಂದಿನಿಂದ ಬರುತ್ತಾನೆ ಎಂದು ಹೇಳಿಕೊಂಡರೆ ಮರ್ಯಾದೆ ಉಳಿದೀತು. ಪಂಢರಪುರಕ್ಕೆ ಕಳಿಸದವನು ಹೆಂಡತಿಯನ್ನು ಪ್ರಾಗ್‌ಗೆ ಕಳಿಸಲು ತಯಾರಾದದ್ದು ಹೀಗೆ.

ದೆಹಲಿಯ ರೈಲಿನುದ್ದಕ್ಕೂ ಅವನು ಅವಳಿಗೆ ಇಂಗ್ಲಿಷಿನಲ್ಲಿ ಉತ್ತರಗಳನ್ನು ಉರು ಹೊಡೆಸಿದ. ಅಂತರರಾಷ್ಟ್ರೀಯ ವ್ಯಾಪಾರ, ಬಂಡವಾಳ, ವಿಸ್ತರಣೆ. ಅವಳು ಕಿಟಕಿಯ ಹೊರಗೆ ನೋಡುತ್ತ ಎಲ್ಲಕ್ಕೂ ಹೂಂ ಅಂದಳು. ದೂತಾವಾಸದಲ್ಲಿ ಅವಳನ್ನು ಒಳಗೆ ಕರೆದಾಗ ಕಿಟ್ಟುವೂ ಎದ್ದ. ಬಾಗಿಲಲ್ಲಿದ್ದವನು ಅವನನ್ನು ಹೊರಗಿನ ಬೆಂಚು ತೋರಿಸಿ ಕೂರಿಸಿದ. ಸಾಲಿನಲ್ಲಿ ಕಾಯುವುದು ಎಂದರೆ ಏನೆಂದು ಹೆಡ್ ಕ್ಯಾಷಿಯರಿಗೆ ಅಂದು ತಿಳಿಯಿತು.

ಒಳಗೆ ಗೋದಾಬಾಯಿ ಕಂಠಪಾಠವನ್ನೆಲ್ಲ ಬಿಟ್ಟು, ಮದುವೆಗೆ ಮುಂಚೆ ಪರೀಕ್ಷೆ ಕಟ್ಟಿ ಪಾಸು ಮಾಡಿದ್ದ ಹಿಂದಿಯಲ್ಲಿ ಮಾತಾಡಿದ್ದಳು. ತಾನು ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡುವವಳು. ಅಲ್ಲಿ ಓದಲು ಹೋದ ನಮ್ಮ ಹುಡುಗರಿಗೆ ಇದು ಸಿಗುವುದಿಲ್ಲವಂತೆ, ಅಲ್ಲಿಯೇ ಕುಟ್ಟಿಸಿ ಮಾರುತ್ತೇನೆ ಎಂದಿದ್ದಳು. ಪುಡಿಗೆ ಏನೇನು ಹಾಕುತ್ತೀರಿ ಎಂದು ಕೇಳಿದರಂತೆ. ಆಮೇಲೆ ಇನ್ನೇನೂ ಕೇಳಲಿಲ್ಲವಂತೆ. ಹೊರಗೆ ಬಂದು ಇದನ್ನು ಹೇಳಿದಾಗ ಕಿಟ್ಟು ತಲೆ ಚಚ್ಚಿಕೊಂಡ, ಎಲ್ಲ ಹಾಳಾಯಿತು ಎಂದ. ಕೆಲವು ವಾರಗಳಲ್ಲಿ ವೀಸಾ ಬಂತು.

ಅವಳು ಹೊರಟ ಮೇಲೆ ಮೊದಮೊದಲು ಕಿಟ್ಟುವಿನದು ಒಳ್ಳೆಯ ಕಾಲವೇ. ಇಂದು ನಾಳೆ ಹೊರಡುವವನ ಠೀವಿಯಲ್ಲಿ ಓಡಾಡಿದ, ಉಣ್ಣೆಯ ಕೋಟು ಹೊಲಿಸಿ ಮದರಾಸಿನ ಸೆಕೆಯಲ್ಲಿ ಹಾಕಿ ನೋಡಿದ. ಗೋದಾಬಾಯಿ ಭಾನುವಾರಗಳಂದು ಫೋನು ಮಾಡಿ ಚಳಿಯ ವಿಷಯ ಹೇಳುತ್ತಿದ್ದಳು. ಆಮೇಲೆ ಬಾಡಿಗೆಗೆ ಹಿಡಿದ ಜಾಗದ ವಿಷಯ, ಕುಟ್ಟುವ ಯಂತ್ರದ ವಿಷಯ, ಪುಡಿ ಕೊಳ್ಳುವ ಎರಡು ಹೋಟೆಲುಗಳ ವಿಷಯ. ಕರೆಸಿಕೊಳ್ಳುವ ವಿಷಯ ಮಾತ್ರ ಬರುತ್ತಿರಲಿಲ್ಲ. ಬಾಯಿಬಿಟ್ಟು ಕೇಳಲು ಕಿಟ್ಟುವಿಗೆ ಅಭಿಮಾನ. ಜನ ಯಾವಾಗ ಪ್ರಯಾಣ ಎಂದು ಕೇಳಿ ಕೇಳಿ, ಕೊನೆಗೆ ಕೇಳುವುದನ್ನು ಬಿಟ್ಟರು. ಅದು ಇನ್ನೂ ಕೆಟ್ಟದ್ದಾಗಿತ್ತು. ಮಠದಲ್ಲಿ ಅವನ ಎಲೆ ನಾಲ್ಕನೆಯದಾಗಿಯೇ ಉಳಿದಿತ್ತು. ಆದರೆ ನಲ್ಲಿಯ ಹತ್ತಿರದಿಂದ ತಿರುಮಲೇಶ ಹೊಸಬರಿಗೆಲ್ಲ ಅವನನ್ನು ಡೈರೆಕ್ಟರ್ ಮೇಡಂ ಅವರ ಯಜಮಾನರು ಎಂದು ಪರಿಚಯಿಸುತ್ತಿದ್ದ, ಎಲ್ಲರಿಗೂ ಕೇಳುವಂತೆ.

ಕೋಟಿಗೆ ನುಸಿ ಹಿಡಿಯಿತು. ಅವಳು ಮಾಡಿಟ್ಟು ಹೋಗಿದ್ದ ಸಾರಿನ ಪುಡಿಯ ಡಬ್ಬ ಖಾಲಿಯಾದ ದಿನ ಕಿಟ್ಟು ಅದನ್ನು ಬೋರಲು ಹಾಕಿ ತಟ್ಟಿದ, ಆಮೇಲೆ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟ. ಕಾರ್ಡಿನ ಹುಚ್ಚು ಯಾವಾಗಲೋ ಬಿಟ್ಟುಹೋಗಿತ್ತು. ಈಗ ಬೇಕಾಗಿದ್ದದ್ದು ಅವಳು. ಅವಳಿಲ್ಲದ ಮನೆ ಅವನಿಗೆ ದುಃಖ ತರುತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಿರಲಿಲ್ಲ. ಮದುವೆಯಾದಂದಿನಿಂದ ಅವಳನ್ನು ಅವನು ಏನನ್ನೂ ಕೇಳಿದವನಲ್ಲ.

ಆ ಭಾನುವಾರ ಫೋನು ಬಂದಾಗ ಅವನು ಚಳಿಯ ವಿಷಯ ಮುಗಿಯುವವರೆಗೂ ಕಾಯಲಿಲ್ಲ.

"ಗೋದಾ, ನಾನೂ ಅಲ್ಲಿಗೆ ಬರ್ಲಾ? ಕರ್‍ಸ್ಕೋತೀಯಾ ನನ್ನ?"

ಆ ಕಡೆ ಯಂತ್ರ ಕುಟ್ಟುವ ಸದ್ದು ಕೇಳುತ್ತಿತ್ತು. ಅವಳು ಯಾರಿಗೋ ಏನೋ ಹೇಳಿ ಅದನ್ನು ನಿಲ್ಲಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ.

"ನೋಡೋಣರೀ," ಅಂದಳು.

ಯಂತ್ರ ಮತ್ತೆ ಶುರುವಾಯಿತು. ಕಿಟ್ಟು ರಿಸೀವರನ್ನು ಕಿವಿಯಿಂದ ತೆಗೆಯದೆ ನಿಂತೇ ಇದ್ದ. ಆ ಮಾತಿನ ಅರ್ಥವೇನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.