ಗಾಜಿನ ಮನೆಯ ಹುಲ್ಡಾ

ನಮ್ಮೂರ ಡ್ಯೂಕರ ವಂಶಾವಳಿ ಅರಮನೆಯ ಪುಸ್ತಕದಲ್ಲಿತ್ತು. ತೋಟದ ಗಾಜಿನ ಮನೆಯಲ್ಲೂ ಇತ್ತು. ಅಲ್ಲಿನ ಹಳೆಯ ಮಿರ್ಟಲ್ ಗಿಡದ ಎಲೆ ಮುಡಿಯದೆ ಆ ಮನೆಯ ಹೆಣ್ಣು ಮದುವೆಯಾದದ್ದಿಲ್ಲ. ಗಂಡನ ಮನೆಗೆ ಹೊರಟವಳು ಅದರದೊಂದು ಕಡ್ಡಿ ಒಯ್ದು ಅಲ್ಲಿ ನೆಡುತ್ತಿದ್ದಳು. ಬಂದ ಸೊಸೆ ತನ್ನ ತವರಿನದನ್ನು ತರುತ್ತಿದ್ದಳು. ತೋಟ ನೋಡಿಕೊಳ್ಳುತ್ತಿದ್ದ ಹುಲ್ಡಾ ಕ್ನಾಬೆ ಕುಂಡಗಳನ್ನು ತೋರಿಸಿ, "ಇವಳು ಅವಳಿಗೆ ಸೋದರತ್ತೆ, ಆಮೇಲೆ ಅತ್ತೆಯೂ ಆದಳು. ದೊಡ್ಡವರ ಮನೇಲಿ ಹೆಣ್ಣು ಹುಡುಕೋಕೆ ದೂರ ಹೋಗಲ್ಲ ನೋಡು" ಎನ್ನುತ್ತಿದ್ದಳು.

ನನ್ನ ತಾಯಿ ಆಡೆಲ್‌ಹೈಡ್ ಆ ಮನೆಯ ಹಿರಿಯ ಡಚೆಸ್ಸಳ ಮಗಳು. ಊರಿನ ದನದ ಡಾಕ್ಟರನ್ನು ಮದುವೆಯಾದದ್ದರಿಂದ ಪುಸ್ತಕದಲ್ಲಿ ಅವಳ ಹೆಸರು ಹೊಡೆದುಹಾಕಿದರು. ಕಡ್ಡಿಯನ್ನೂ ಕೊಡಕೂಡದೆಂದರು.

೧೯೨೯ರ ಫೆಬ್ರುವರಿಯ ಹಿಮಕ್ಕೆ ಗಾಜಿನ ಮನೆಯ ಬಿಸಿನೀರಿನ ಕೊಳವೆ ಒಡೆದು ಗಿಡಗಳೆಲ್ಲ ಸತ್ತವು. ಮೇ ತಿಂಗಳಲ್ಲಿ ಹಿರಿಯ ಡಚೆಸ್ಸಳ ಮೊಮ್ಮಗಳ ಮದುವೆ. ನೆಂಟರ ಅರಮನೆಗಳಿಗೆ ಬರೆದು ಕೇಳಿದರೆ ಅಲ್ಲಿನವೂ ಹೋಗಿದ್ದವು. ಆಗ ಹುಲ್ಡಾ ಡಚೆಸ್ಸಳ ಮುಂದೆ ನಿಂತಳು. ವಿಧವೆ, ಗಾಜಿನ ಮನೆಗೆ ಅಂಟಿಕೊಂಡ ಎರಡು ಕೋಣೆ ಬಿಟ್ಟರೆ ಅವಳಿಗೆ ಬೇರೆ ನೆಲೆಯಿರಲಿಲ್ಲ. ಅಲ್ಲಿ ನಡೆದ ಮಾತನ್ನು ಇಬ್ಬರ ಬಾಯಿಂದಲೂ ಕೇಳಿದ್ದೇನೆ, ವ್ಯತ್ಯಾಸವಿರಲಿಲ್ಲ.

"ಊರೊಳಗೆ ಒಂದು ಗಿಡ ಉಳಿದಿದೆ, ದೊರೆಸಾನಿ."

"ಯಾರ ಮನೇಲಿ?"

"ದನದ ಡಾಕ್ಟರ ಮನೇಲಿ."

"ಅಲ್ಲಿಗೆ ಹೇಗೆ ಹೋಯ್ತು?"

"ನಡ್ಕೊಂಡಂತೂ ಹೋಗ್ಲಿಲ್ಲ. ನಾನೇ ಮುರಿದು ಏಪ್ರನ್ ಒಳಗೆ ಮುಚ್ಚಿಟ್ಕೊಂಡು ಹೋಗಿ ಕೊಟ್ಟೆ."

"ಕೊಡಬೇಡ ಅಂದಿದ್ದೆ."

"ಅಂದಿದ್ರಿ. ಬರಿಗೈಲಿ ಹೊರಟಿದ್ಲು, ನೋಡೋಕಾಗ್ಲಿಲ್ಲ."

"ಕೋಣೆ ಖಾಲಿ ಮಾಡಬೇಕಾಗುತ್ತೆ, ಹುಲ್ಡಾ."

"ಸಾಮಾನು ಕಟ್ಟಿಟ್ಟೇ ಬಂದಿದೀನಿ."

"ಸರಿ. ಹೋಗಿ ಎಲೆ ಕೊಯ್ಕೊಂಡು ಬಾ."

"ಕೊಟ್ಟೋಳು ನಾನು, ವಾಪಸ್ ಕೇಳೋಕೆ ನನಗೆ ಮುಖ ಇಲ್ಲ. ನೀವೇ ಕೇಳಬೇಕು."

ಮರುದಿನ ಡಚೆಸ್ ನಮ್ಮ ಅಡುಗೆಮನೆಗೆ ಬಂದಳು. ನಾನು ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತಾಯಿ ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಡಚೆಸ್ ಕಿಟಕಿಯಲ್ಲಿದ್ದ ಗಿಡವನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ಬೆಳೆಸಿದೀಯ, ಆಡೆಲ್."

"ದನದ ಡಾಕ್ಟರ ಮನೇಲಿ ಗೊಬ್ಬರಕ್ಕೇನು ಬರಗಾಲ, ಅಮ್ಮ?"

ಡಚೆಸ್ಸಳ ತುಟಿಯಂಚು ಅಲುಗಿತು. ಕುರ್ಚಿ ಎಳೆದುಕೊಂಡು ಕೂತು, "ನಿನ್ನ ಅಣ್ಣನ ಮಗಳಿಗೆ ಒಂದು ದಂಡೆಯಷ್ಟು ಕೊಡ್ತೀಯಾ?" ಎಂದಳು. ತಾಯಿ ಕೈ ತೊಳೆದು ಕತ್ತರಿ ತಂದಳು.

ಮದುವೆಗೆ ನಮಗೂ ಕರೆ ಬಂತು. ಪುಸ್ತಕದಲ್ಲಿ ಹೆಸರು ಮಾತ್ರ ಸೇರಲಿಲ್ಲ. ಡಚೆಸ್ ಆಡಿದ ಮಾತು ಹಿಂತೆಗೆದುಕೊಳ್ಳುವವಳಲ್ಲ, ಹುಲ್ಡಾ ಬೇಡಿಕೊಳ್ಳುವವಳಲ್ಲ. ಕೋಣೆ ಖಾಲಿಯಾಯಿತು. ನನ್ನ ತಂದೆ ದನದ ಔಷಧಿ ಸಾಗಿಸುವ ಗಾಡಿಯಲ್ಲಿ ಅವಳ ಗಂಟುಮೂಟೆ ಹೇರಿಕೊಂಡು ಬಂದು ನಮ್ಮ ಮಹಡಿಯಲ್ಲಿ ಇಳಿಸಿದರು. ಸಾಯುವವರೆಗೂ ಅವಳು ಅಲ್ಲೇ ಇದ್ದಳು.

ಡಚೆಸ್ ಭಾನುವಾರಗಳಂದು ಕಾಫಿಗೆ ಬರತೊಡಗಿದಳು. ತಾನು ಹೊರಹಾಕಿದ ಹೆಂಗಸಿನ ಎದುರೇ ಕೂತು, ಗಿಡಕ್ಕೆ ನೀರು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಜಗಳವಾಡುತ್ತಿದ್ದಳು. ಆ ಜಗಳದ ನಡುವೆಯೇ ನಾನು ಡಚೆಸ್ಸಳನ್ನು ಅಜ್ಜಿ ಎಂದು ಕರೆಯಲು ಕಲಿತೆ. ಹುಲ್ಡಾ ತನ್ನ ಎರಡು ಕೋಣೆ ಕಳೆದುಕೊಂಡು ನನಗೆ ಗಳಿಸಿಕೊಟ್ಟದ್ದು ಆ ಅಜ್ಜಿಯನ್ನು.