ಕಾವಲಿನಲ್ಲಿ ವಿಮಾನದವರ ಸಮಾಧಿ

ಐಮಂಗಲದ ಮಲ್ಲಕ್ಕ ಬದುಕಿರುವ ಮನುಷ್ಯನೊಬ್ಬನ ಸಮಾಧಿಗೆ ಎಂಟು ತಿಂಗಳ ಕಾಲ ಮರ್ಯಾದೆ ಕೊಟ್ಟಳು. ಆ ಮರ್ಯಾದೆಗೆ ಅವಳ ಎರಡು ಗಬ್ಬದ ಕುರಿಗಳು ದಿನ ತುಂಬದೆ ಕಂದು ಹಾಕಿದವು.

ಅರವತ್ತು ದಾಟಿದ ಮಲ್ಲಕ್ಕ ನಡೆಯಲು ಕಲಿತಾಗಿನಿಂದ ಕುರಿಯ ಹಿಂದೆಯೇ ನಡೆದವಳು. ಸುಗ್ಗಿ ಮುಗಿದ ಮೇಲೆ ತುರುವನೂರಿನ ಎರೆ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ತಂಗಿಸುವುದು, ಮಿಕ್ಕ ದಿನ ಹೆದ್ದಾರಿ ಪಕ್ಕದ ಕಾವಲಿನಲ್ಲಿ ಮೇಯಿಸುವುದು, ಇಷ್ಟೇ ಅವಳ ತಿರುಗಾಟ. ಕಾವಲಿನ ನಡುವೆ ಅವಳ ಮಾವನ ಕಾಲದ ಒಂದು ಜಾಲಿಮರವಿದೆ. ಬೇಸಿಗೆಯಲ್ಲಿ ಅದರ ಕಾಯಿಯೇ ಕುರಿಗಳಿಗೆ ಗತಿ.

ಹೋದ ಮಳೆಗಾಲದಲ್ಲಿ ಯಾವುದೋ ಕಂಪನಿಯವರು ಜೀಪಿನಲ್ಲಿ ಬಂದು, ಕಾವಲಿನ ತುಂಬ ಗುಂಡಿ ತೋಡಿ, ಸಸಿ ನೆಟ್ಟು, ಸಸಿಗೊಂದು ಬೋರ್ಡು ಸಿಕ್ಕಿಸಿ, ಫೋಟೋ ಹೊಡೆಸಿಕೊಂಡು ಹೋದರು. ಕುರಿಯವಳನ್ನು ಕೇಳುವವರು ಯಾರು? ಏಳನೇ ಕ್ಲಾಸು ಓದಿದ ಸೊಸೆ ಅಂಜಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಮೊದಲ ಬೋರ್ಡು ಓದಿದಳು. ಮೇಲೆ ವಿಮಾನದ ಚಿತ್ರ, ನಡುವೆ ಕನಕರಾಜ್ ಎಂಬ ಹೆಸರು, ಕೆಳಗೊಂದು ತಾರೀಕು.

"ಅಯ್ಯೋ, ವಿಮಾನ ಬಿದ್ದು ಸತ್ತೋರು ಕಣೇ! ಎಷ್ಟು ಜನ ಹೋದ್ರೇ ತಾಯಿ!" ಎಂದು ಮಲ್ಲಕ್ಕ ಎದೆ ಹಿಡಿದುಕೊಂಡಳು. ಹೆಸರು, ತಾರೀಕು ಬರೆದು ನೆಲದಲ್ಲಿ ನಿಲ್ಲಿಸಿದ್ದನ್ನು ಅವಳು ಸಮಾಧಿಯ ಬಳಿಯಲ್ಲದೆ ಬೇರೆಲ್ಲೂ ಕಂಡಿರಲಿಲ್ಲ. ಸತ್ತವರ ಮೇಲೆ ಕುರಿ ಹಾಯಿಸುವ ಮನೆತನ ಅವಳದಲ್ಲ. ಅಂದಿನಿಂದ ಮಂದೆಯನ್ನು ಕಾವಲು ಬಳಸಿ, ದಿನಾ ಮೂರು ಮೈಲಿ ಹೆಚ್ಚು ನಡೆಸಿ, ಆಚೆಯ ಬೋಳು ಗುಡ್ಡಕ್ಕೆ ಹೊಡೆದಳು. ಕುರಿಗಳ ಪಕ್ಕೆಲುಬು ಎದ್ದವು. ಕಂದು ಹಾಕಿದ ಎರಡು ಮರಿಗಳನ್ನು ಅಳುತ್ತಾ ಕಾವಲಿನ ಅಂಚಿನಲ್ಲೇ ಹೂತಳು.

ಸಸಿಗೆ ನೀರು ಹಾಕಲು ಒಬ್ಬನೂ ಬರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅವೆಲ್ಲ ಒಣಕಡ್ಡಿಯಾದವು. ಬೋರ್ಡುಗಳು ಮಾತ್ರ ಫಳಫಳ ಹೊಳೆಯುತ್ತಿದ್ದವು.

ಬಿಸಿಲು ಬಲಿತ ಮೇಲೆ ಒಂದು ದಿನ ಅತ್ತೆ ಸೊಸೆ ಕಾವಲು ಬಳಸಿ ಮಂದೆ ಹೊಡೆಯುತ್ತಿದ್ದಾಗ ಕಾರಿನಿಂದ ಬಿಳಿ ಬೂಟಿನವನೊಬ್ಬ ಇಳಿದ. "ಅಜ್ಜಿ, ನಾನು ಕನಕರಾಜ್. ನನ್ನ ಗಿಡ ಎಲ್ಲಿದೆ?"

"ನೀನು ಸತ್ತಿಲ್ವೇನಪ್ಪ?"

ಅವನು ನಕ್ಕು ವಿವರಿಸಿದ. "ತಿಂಗಳಿಗೆ ನಾಲ್ಕು ಸಲ ವಿಮಾನದಲ್ಲಿ ಓಡಾಡ್ತೀನಿ. ಅದು ಬಿಡೋ ಹೊಗೆಯನ್ನ ನನ್ನ ಹೆಸರಿನ ಗಿಡ ಕುಡಿಯುತ್ತೆ. ಅಲ್ಲಿಗೆ ನನ್ನ ಪಾಪ ಚುಕ್ತಾ. ಗಿಡ ನೋಡೋಕಂತಲೇ ದೆಹಲಿಯಿಂದ ಇವತ್ತು ಹಾರಿ ಬಂದೆ."

"ಹೆಂಗೆ ಕುಡಿತೈತಪ್ಪ? ಅದು ಸತ್ತು ಎಷ್ಟು ದಿನ ಆತು," ಎಂದಳು ಮಲ್ಲಕ್ಕ.

ಪುಣ್ಯಾತ್ಮನಿಗೆ ಅರೆಗಳಿಗೆಯೂ ನಾಚಿಕೆಯಾಗಲಿಲ್ಲ. ಬೋರ್ಡು ಕಿತ್ತು ಮಲ್ಲಕ್ಕನ ಜಾಲಿಮರಕ್ಕೆ ಕಟ್ಟಿ, ಮುಳ್ಳು ತಾಗದಂತೆ ಕಾಂಡ ತಬ್ಬಿ, ಡ್ರೈವರ್ ಕೈಲಿ ಫೋಟೋ ತೆಗೆಸಿಕೊಂಡ. ಸಂಜೆಯ ವಿಮಾನಕ್ಕೆ ಹೊತ್ತಾಯಿತೆಂದು ಕಾರು ಹತ್ತುತ್ತಾ ಬುದ್ಧಿ ಬೇರೆ ಹೇಳಿದ: "ಕುರಿ ಒಳಗೆ ಬಿಡಬೇಡಿ ಅಜ್ಜಿ, ಪರಿಸರ ಹಾಳಾಗುತ್ತೆ."

ಕಾರಿನ ಧೂಳು ಕೂರುವ ಮುಂಚೆಯೇ ಮಲ್ಲಕ್ಕ ಮರದಿಂದ ಬೋರ್ಡು ಬಿಚ್ಚಿಕೊಂಡು, ಸೀದಾ ಮರಿಗಳನ್ನು ಹೂತ ಜಾಗಕ್ಕೆ ನಡೆದು, ಅಲ್ಲಿ ಅದನ್ನು ನೆಟ್ಟು ಕಲ್ಲಿನಿಂದ ಕುಟ್ಟಿದಳು.

"ಅಂಜಲಿ, ಇಲ್ಲಿ ಸತ್ತಿರೋದು ಇವೆರಡೇ ಕಣೇ," ಎಂದಳು. "ಇದೊಂದರ ಮೇಲೆ ಕುರಿ ಹಾಯಿಸಬ್ಯಾಡ. ಮಿಕ್ಕಿದ್ದೆಲ್ಲ ಮೇಯ್ಲಿ, ಹೊಡಿ ಒಳಕ್ಕೆ."